ಹಳೇ ತಮಗೋಚಿ ಬಿಚ್ಚಬೇಕಾ, ಬೇಡ್ವಾ? ಒಂದು ಅಸಲಿ, ಇನ್ನೊಂದು ದಸರಾ ಎಕ್ಸಿಬಿಷನ್ ಮಾಲು

ಕುವೆಂಪುನಗರ_ಅಪ್ಪ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಟ್ಟ ಖಾಲಿ ಮಾಡುವಾಗ ಹಳೇ ಹಾರ್ಲಿಕ್ಸ್ ಬಾಟಲಿ ಒಂದು ಸಿಕ್ಕಿತು. ಒಳಗೆ ಒಂದಿಷ್ಟು ಗೋಲಿ, ಚಾಟಿ ಇಲ್ಲದ ಬುಗುರಿ, ಜೊತೆಗೆ ಎರಡು ತಮಗೋಚಿ, ಅಂದರೆ ಪುಟ್ಟ ಪರದೆಯ ಮೇಲೆ ಗುಂಡಿ ಒತ್ತಿ ಮರಿ ಸಾಕುವ ಆಟಿಕೆ.

ಒಂದು ಅಸಲಿ. ಸೋದರಮಾವ 1997ರ ಕೊನೆಯಲ್ಲಿ ಸಿಂಗಾಪುರದಿಂದ ತಂದುಕೊಟ್ಟದ್ದು. ಹಿಂದೆ 'ಬಂಡಾಯ್' ಎಂದು ಅಚ್ಚಾಗಿದೆ. ಆಗ ನಮ್ಮ ಕನ್ನಡ ಮೇಷ್ಟ್ರು ಬಂಡಾಯ ಸಾಹಿತ್ಯದ ಪಾಠ ಮಾಡುತ್ತಿದ್ದರು. ಅದಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಎಂದು ನಾನು ಬಹಳ ದಿನ ನಂಬಿದ್ದೆ. ಇನ್ನೊಂದು 1998ರ ದಸರಾ ಎಕ್ಸಿಬಿಷನ್‌ನದು. ದೊಡ್ಡಕೆರೆ ಮೈದಾನದ ಆಟದ ಸಾಮಾನಿನ ಮಳಿಗೆ ಮುಂದೆ ಅತ್ತು ಕರೆದು ಅಪ್ಪನ ಹತ್ತಿರ ಕೊಡಿಸಿಕೊಂಡದ್ದು. ಅದರಲ್ಲಿ 49 ಪ್ರಾಣಿ ಇವೆ ಎಂದು ಡಬ್ಬಿ ಮೇಲೆ ಬರೆದಿತ್ತು. ನಾನು ಕಂಡದ್ದು ನಾಯಿ, ಕೋಳಿ, ಡೈನೋಸಾರ್ ಅಷ್ಟೇ.

ಈಗ ಎರಡೂ ಉಸಿರಾಡುತ್ತಿಲ್ಲ. ಅಸಲಿಯಲ್ಲಿ ಸೆಲ್ ತೆಗೆಯದೆ ಹಾಗೇ ಬಿಟ್ಟಿದ್ದೆ, ಮುಚ್ಚಳದ ಸಂದಿಯಲ್ಲಿ ಹಸಿರು ಕಿಲುಬು ಕಾಣುತ್ತಿದೆ. ನಕಲಿಯದು ಮೊದಲು ಬಿಳಿ ಬಣ್ಣ, ಈಗ ಅರಿಶಿನ ಹಚ್ಚಿದ ಹಾಗಿದೆ.

ಮಗಳಿಗೆ 9 ವರ್ಷ. ಅವಳಿಗೆ ಇದನ್ನು ಸಾಕಬೇಕಂತೆ. ನನಗೆ ಬಿಚ್ಚಿ ನೋಡಬೇಕು ಎಂದು ಕೈ ತುರಿಸುತ್ತಿದೆ. ಬೆಸುಗೆ ಹಾಕಲು ಅಲ್ಪಸ್ವಲ್ಪ ಬರುತ್ತದೆ, ಅಂದರೆ ಮಿಕ್ಸಿ ವೈರು, ಗಣಪತಿ ಹಬ್ಬದ ಸೀರಿಯಲ್ ಸೆಟ್ಟು, ಅಷ್ಟರ ಮಟ್ಟಿಗೆ. ಬಿಚ್ಚಿದರೆ ಏನು ಹೋಗಬಹುದು, ಏನು ಸಿಗಬಹುದು? ಅನುಭವ ಇದ್ದವರು ಹೇಳಿ.

ಸುಮ್ನೆ_ಇರಿ | ಶನಿವಾರ ರಾತ್ರಿ 9:52

ಬಿಚ್ಚಬೇಡಿ. ನನ್ನ ಉತ್ತರ ಇಷ್ಟೇ.

ಮೊಟ್ಟೆಮನೆ | ಶನಿವಾರ ರಾತ್ರಿ 10:15

ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟದ್ದೇ ಒಳ್ಳೇದಾಯಿತು, ಧೂಳು ಹೋಗಿರಲ್ಲ. ನಾನು ಸರಸ್ವತಿಪುರಂನವಳು. ನನ್ನ ಹತ್ತಿರ ಇಂಥವು ಹದಿನಾಲ್ಕು ಇವೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ.

ನಿಮ್ಮ ಅಸಲಿ ಮೊದಲ ತಲೆಮಾರಿನದು ಅನಿಸುತ್ತೆ. ಜಪಾನಿನಲ್ಲಿ ಇದು ಬಂದದ್ದು 1996ರ ನವೆಂಬರ್ 23ಕ್ಕೆ. ಬಂಡಾಯ್ ಕಂಪನಿಯ ಅಕಿ ಮೈತಾ, ವಿಜ್ ಕಂಪನಿಯ ಅಕಿಹಿರೊ ಯೊಕೊಯಿ ಇಬ್ಬರೂ ಸೇರಿ ಮಾಡಿದ್ದು. ಜಪಾನಿ ಭಾಷೆಯಲ್ಲಿ ತಮಗೊ ಅಂದರೆ ಮೊಟ್ಟೆ, ಅದಕ್ಕೆ ವಾಚ್ ಸೇರಿಸಿದ್ದಾರೆ. ಮಾರನೇ ವರ್ಷವೇ ಇಬ್ಬರಿಗೂ ಅರ್ಥಶಾಸ್ತ್ರದ ಇಗ್ ನೊಬೆಲ್ ಸಿಕ್ಕಿತು. ಯಾಕೆ ಗೊತ್ತಾ? ಲಕ್ಷಾಂತರ ಗಂಟೆಗಳ ಕೆಲಸವನ್ನು ಇಲ್ಲದ ಪ್ರಾಣಿ ಸಾಕುವುದಕ್ಕೆ ತಿರುಗಿಸಿದ್ದಕ್ಕೆ!

ಒಳಗೆ ಇರುವುದು ತೀರಾ ಕಡಿಮೆ. 4 ಬಿಟ್‌ನ ಒಂದು ಎಪ್ಸನ್ ಚಿಪ್ಪು. ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿಯ ಪರದೆ. ಮೂರು ಗುಂಡಿ, ಒಂದು ಬಜರ್. ಚಿಪ್ಪಿನ ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿರುತ್ತಾರೆ, ಸೆಲ್ ತೆಗೆದರೂ ಅದು ಎಲ್ಲೂ ಹೋಗಲ್ಲ. ಹೋಗುವುದು ನೀವು ಸಾಕಿದ ಮರಿ. ಅದರ ವಯಸ್ಸು, ಹಸಿವು, ಖುಷಿ ಎಲ್ಲ ಕರೆಂಟ್ ಇರುವ ತನಕ ಮಾತ್ರ ನೆನಪಿರುತ್ತೆ. ಹಾಗಾಗಿ ಮೊದಲ ತಲೆಮಾರಿನದನ್ನು ಬಿಚ್ಚಿದರೆ ಆ ಮರಿ ಹೋಯಿತು ಅಂತಲೇ ಲೆಕ್ಕ. ಆಮೇಲೆ ಬಂದ ಬಹಳಷ್ಟು ಮಾದರಿಗಳಲ್ಲಿ ಉಳಿಸಿಡುವ ಚಿಪ್ಪು ಇದೆ, ಸೆಲ್ ಬದಲಿಸಿದರೂ ಬದುಕುತ್ತವೆ.

ನಿಮ್ಮದರಲ್ಲಿ ಈಗ ಯಾವ ಮರಿಯೂ ಇಲ್ಲ. ಆ ಮಟ್ಟಿಗೆ ಕಳೆದುಕೊಳ್ಳುವಂಥದ್ದು ಏನಿಲ್ಲ.

ಚಿಕ್ಕಗಡಿಯಾರ | ಭಾನುವಾರ ಬೆಳಿಗ್ಗೆ 7:30

ಸಾರ್, ನಮ್ಮದು ವಾಚ್ ರಿಪೇರಿ ಅಂಗಡಿ. ಅಪ್ಪ 40 ವರ್ಷ ನಡೆಸಿದರು, ಈಗ ನಾನು ಕೂರುತ್ತೇನೆ. ತಮಗೋಚಿ ಎಂದರೆ ಹೆದರಬೇಕಿಲ್ಲ. ಅದು ಹೊಟ್ಟೆ ದಪ್ಪ ಇರುವ ಡಿಜಿಟಲ್ ವಾಚು, ಅಷ್ಟೇ. ಅದೇ ಸೆಲ್ಲು, ಸಮಯ ಅಳೆಯುವ ಅದೇ 32,768 ಹರ್ಟ್ಸ್ ಕ್ರಿಸ್ಟಲ್ಲು, ಅದೇ ಥರದ ಗಾಜಿನ ಪರದೆ.

ಅಸಲಿಯನ್ನು ಈಗಲೇ ಬಿಚ್ಚಬೇಡಿ. ಸೆಲ್ ಮುಚ್ಚಳ ಮಾತ್ರ ತೆಗೆಯಿರಿ. ಎಲ್‌ಆರ್44 ಎಂಬ ಬಟನ್ ಸೆಲ್ ಎರಡು ಇರುತ್ತವೆ. ಸೋರಿರುವುದು ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗಂತೂ ತಾಗಬಾರದು. ಇಯರ್ ಬಡ್‌ಗೆ ನಿಂಬೆರಸ ಅಥವಾ ವಿನೆಗರ್ ಒಂದು ತೊಟ್ಟು, ಒಂದೇ ತೊಟ್ಟು, ಅದ್ದಿ ಕಿಲುಬಿನ ಮೇಲೆ ಒತ್ತಿ. ನೊರೆ ಬಂದು ನಿಲ್ಲುತ್ತೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿ, ಒಂದು ರಾತ್ರಿ ಒಣಗಲು ಬಿಡಿ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಎಂದು ಅದನ್ನು ಸುರಿಯಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತೆ, ಅಂಟು ಉಳಿಯುತ್ತೆ. ಹಿತ್ತಾಳೆ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಕೊಂಡು ಬಂದವರೂ ಇದ್ದಾರೆ. ಅದು ಬೇಡವೇ ಬೇಡ. ಸೆಲ್ಲಿನ ತಗಡು ತೆಳು, ತಿಕ್ಕಿದರೆ ಮುರಿಯುತ್ತೆ.

ಹೊಸ ಸೆಲ್ ಹಾಕುವಾಗ ಎಲ್‌ಆರ್44 ಬದಲು ಎಸ್‌ಆರ್44 ಕೇಳಿ. ಅಳತೆ ಒಂದೇ, ಒಳಗೆ ಸಿಲ್ವರ್ ಆಕ್ಸೈಡ್. ರೇಟು ಜಾಸ್ತಿ, ಸೋರುವುದು ಕಡಿಮೆ.

ನಿಮ್ಮ ಕೈ ತುರಿಕೆಗೆ ಎಕ್ಸಿಬಿಷನ್ ಮಾಲು ಇದೆಯಲ್ಲ, ಅದನ್ನು ಬಿಚ್ಚಿ. ಕಲಿಯಲು ಅದೇ ಸರಿ.

ಮಂಡ್ಯ_ಬೆಲ್ಲ | ಭಾನುವಾರ ಬೆಳಿಗ್ಗೆ 11:05

ಅಣ್ಣ, ನಕಲಿಯನ್ನು ಬರೀ ಬಿಚ್ಚಿ ಮುಚ್ಚಿದರೆ ಏನು ಮಜಾ? ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಮೇಲುಕೋಟೆ ವೈರಮುಡಿ ಜಾತ್ರೆಯಲ್ಲಿ ಇಂಥದ್ದೊಂದು ತಗೊಂಡೆ. ನನ್ನದರಲ್ಲಿ ಕ್ರಿಸ್ಟಲ್ ಇರಲಿಲ್ಲ. ಅಗ್ಗದ ಆಟಿಕೆಗಳಲ್ಲಿ ಎಷ್ಟೋ ಸಲ ಕರೆಂಟ್ ತಡೆಯುವ ಒಂದು ರೆಸಿಸ್ಟರ್ ಮೇಲೇ ಚಿಪ್ಪಿನ ವೇಗ ನಿಂತಿರುತ್ತೆ. ಅದನ್ನು ಮುಟ್ಟಿದರೆ ಕಾಲವೇ ಬದಲಾಗುತ್ತೆ ಕಣಣ್ಣ!

ಮೊದಲು ಒದ್ದೆ ಬೆರಳನ್ನು ಆ ರೆಸಿಸ್ಟರ್ ಮೇಲೆ ಇಟ್ಟೆ. ಬಜರ್ ದನಿ ಕೀಚಲಾಯಿತು. ಬೆರಳು ತೆಗೆದರೆ ಮತ್ತೆ ಮಾಮೂಲಿ. ಆಮೇಲೆ 300 ಕಿಲೋಓಮ್ ತೆಗೆದು 100 ಹಾಕಿದೆ. ಸುಮಾರು ಮೂರು ಪಟ್ಟು ವೇಗ. ಬೆಳಿಗ್ಗೆ ಮರಿ, ಮಧ್ಯಾಹ್ನ ಮುದಿ, ಸಂಜೆಗೆ ಸಮಾಧಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಸುತ್ತ ಕೂತು ನೋಡಿದರು. ಸಂಜೆ ಅದು ಸತ್ತಾಗ ಒಬ್ಬ ನಿಜವಾಗಿಯೂ ಎದ್ದು ಹೋದ.

ಆಸೆ ಹೆಚ್ಚಾಗಿ ಇನ್ನೂ ಕಡಿಮೆ ಹಾಕಿದೆ. ಪರದೆ ತುಂಬ ಕಪ್ಪು ಚುಕ್ಕಿ, ಗುಂಡಿ ಒತ್ತಿದರೆ ಏನೂ ಇಲ್ಲ. ಹಳೇ ರೆಸಿಸ್ಟರ್ ವಾಪಸ್ ಹಾಕಿದ ಮೇಲೆ ಸರಿಹೋಯಿತು. ಮೂರನೇ ಸಲ ಬೆಸುಗೆ ಹಾಕುವಾಗ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬಂತು. ಅಲ್ಲಿಗೆ ಕಥೆ ಮುಗಿಯಿತು. 120 ರೂಪಾಯಿಗೆ ನಾನು ಅರ್ಧ ಸೆಮಿಸ್ಟರ್ ಪಾಠ ಕಲಿತೆ ಎಂದೇ ಅಂದುಕೊಂಡಿದ್ದೇನೆ.

ಒಂದು ಮಾತು. ಬೆರಳಿಡುವ ಆಟ ಸೆಲ್ ಹಾಕುವ ಆಟಿಕೆಗೆ ಮಾತ್ರ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಯಾವುದಕ್ಕೂ ಬೆರಳು ತೋರಿಸಬೇಡಿ.

ನೈಟ್_ಡ್ಯೂಟಿ | ಭಾನುವಾರ ಮಧ್ಯಾಹ್ನ 1:20

ಎಲ್ಲರೂ ಬೋರ್ಡು, ರೆಸಿಸ್ಟರ್ ಎನ್ನುತ್ತಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ನನ್ನ ಕಣ್ಣಿಗೆ ಬೀಳುವುದು ಸೆಲ್ಲು ಮಾತ್ರ.

ಬಟನ್ ಸೆಲ್ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ ಒಳಗೇ ಸುಟ್ಟ ಗಾಯ ಆಗಬಹುದು. ಸೆಲ್ ಒಡೆದು ಸೋರಬೇಕು ಅಂತಿಲ್ಲ. ಒದ್ದೆ ಜಾಗದಲ್ಲಿ ಅದರ ಕರೆಂಟೇ ಕ್ಷಾರ ಹುಟ್ಟಿಸುತ್ತೆ. 'ಖಾಲಿ ಸೆಲ್, ಏನಾಗಲ್ಲ' ಎನ್ನುವುದು ತಪ್ಪು. ಆಟಿಕೆ ನಡೆಸಲು ಸಾಲದ ಸೆಲ್ಲಿಗೂ ಮಗುವನ್ನು ಸುಡುವ ಶಕ್ತಿ ಇರುತ್ತೆ. ಅದರಲ್ಲೂ ಸಿಆರ್2032. ಆ ಹೆಸರಿನ 20 ಅಂದರೆ ಅಗಲ 20 ಮಿಲಿಮೀಟರ್. ಚಿಕ್ಕ ಗಂಟಲಿನಲ್ಲಿ ಸರಿಯಾಗಿ ಕೂರುವ ಅಳತೆ. ಮೇಲಾಗಿ 3 ವೋಲ್ಟ್.

ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಸೆಲ್ ಮುಚ್ಚಳದ ಸ್ಕ್ರೂ ಕಳೆದುಕೊಂಡು ಟೇಪ್ ಅಂಟಿಸಿ ಕೊಡಬೇಡಿ. ಹಳೇ ಸೆಲ್ಲಿನ ಎರಡೂ ಕಡೆ ಟೇಪ್ ಸುತ್ತಿ ಎತ್ತರದಲ್ಲಿಡಿ.

ತಮಗೋಚಿ ಚೆನ್ನಾಗಿದೆ. ನನ್ನ ತಂಗಿ ಹತ್ತಿರವೂ ಇತ್ತು.

ಕುವೆಂಪುನಗರ_ಅಪ್ಪ | ಭಾನುವಾರ ರಾತ್ರಿ 8:10

ಮೇಡಂ, ಥ್ಯಾಂಕ್ಸ್. ಕೆಳಗಿನ ಮನೆಯಲ್ಲಿ ಎರಡು ವರ್ಷದ ಹುಡುಗ ಇದ್ದಾನೆ, ದಿನಾ ನಮ್ಮ ಮನೆಗೆ ಬರುತ್ತಾನೆ. ನಾನು ಹಳೇ ಸೆಲ್‌ಗಳನ್ನು ಟೀಪಾಯಿ ಮೇಲಿನ ತಟ್ಟೆಯಲ್ಲಿ ಇಟ್ಟಿದ್ದೆ. ಈಗ ತೆಗೆದು ಬೀರು ಮೇಲಿಟ್ಟೆ.

ಇವತ್ತು ನಕಲಿ ಬಿಚ್ಚಿದೆ. ಮೂರು ಸ್ಕ್ರೂ ಬಂತು, ನಾಲ್ಕನೆಯದರ ತಲೆ ಸವೆಯಿತು. ಅದನ್ನು ತೆಗೆಯಲು ಅರ್ಧ ಗಂಟೆ. ಹಿಂದಿನ ಪ್ಲಾಸ್ಟಿಕ್ ಕವಚ ಎಳೆದ ತಕ್ಷಣ ಟಕ್ ಎಂದು ಏನೋ ಕಿತ್ತುಬಂತು. ನೋಡಿದರೆ ಬಜರ್ ಕವಚಕ್ಕೆ ಅಂಟಿಕೊಂಡಿದೆ, ಅದರಿಂದ ಬೋರ್ಡಿಗೆ ಕೂದಲಿನಷ್ಟು ತೆಳು ವೈರ್ ಎರಡು. ಒಂದು ತುಂಡಾಗಿದೆ. ಬೋರ್ಡ್ ಎತ್ತಿದೆ. ಗಾಜು ಜಾರಿತು. ಗಾಜಿನ ಕೆಳಗಿಂದ ನಸುಗೆಂಪು ರಬ್ಬರ್ ಪಟ್ಟಿ ಬಿದ್ದಿತು. ಪ್ಯಾಕಿಂಗ್‌ಗೆ ಇಟ್ಟಿರಬೇಕು ಎಂದು ಅದನ್ನು ಕಸದ ಬುಟ್ಟಿಗೆ ಹಾಕಿದೆ. ಮುಚ್ಚಿ ಸೆಲ್ ಹಾಕಿದರೆ ಪರದೆ ಖಾಲಿ.

ಚಿಕ್ಕಗಡಿಯಾರ | ಭಾನುವಾರ ರಾತ್ರಿ 8:14

ಸಾರ್ ಬುಟ್ಟಿಯಿಂದ ತೆಗೆಯಿರಿ. ಈಗಲೇ. ಬೆಳಿಗ್ಗೆ ಕಸದ ಗಾಡಿ ಬರುತ್ತೆ.

ಕುವೆಂಪುನಗರ_ಅಪ್ಪ | ಭಾನುವಾರ ರಾತ್ರಿ 8:31

ಸಿಕ್ಕಿತು. ನುಗ್ಗೇಕಾಯಿ ಸಿಪ್ಪೆ ಜೊತೆ ಇತ್ತು.

ಚಿಕ್ಕಗಡಿಯಾರ | ಭಾನುವಾರ ರಾತ್ರಿ 9:00

ಅದರ ಹೆಸರು ಜೀಬ್ರಾ ಪಟ್ಟಿ. ಕಣ್ಣಿಗೆ ರಬ್ಬರ್ ಕಂಡರೂ ಒಳಗೆ ಒಂದು ಪದರ ಕರೆಂಟ್ ಹರಿಯುವ ಕಾರ್ಬನ್ ರಬ್ಬರ್, ಪಕ್ಕದ ಪದರ ಹರಿಯದ ರಬ್ಬರ್, ಹೀಗೆ ನೂರಾರು ಗೆರೆ. ಬೋರ್ಡಿನಿಂದ ಗಾಜಿಗೆ ಸಿಗ್ನಲ್ ಹೋಗುವುದೇ ಅದರ ಮೂಲಕ. ಬೆಸುಗೆ ಇಲ್ಲ, ಬರೀ ಒತ್ತಡ. ಅದಕ್ಕೇ ಸ್ಕ್ರೂ ಸಡಿಲ ಇದ್ದರೆ ಪರದೆಯಲ್ಲಿ ಗೆರೆ ಮಾಯ ಆಗುವುದು.

ನುಣ್ಣನೆ ಬಟ್ಟೆಗೆ ಆಲ್ಕೋಹಾಲ್ ಹಾಕಿ ಪಟ್ಟಿಯ ಅಂಚು, ಬೋರ್ಡಿನ ಬಂಗಾರದ ಬಣ್ಣದ ಸಾಲು, ಗಾಜಿನ ಅಂಚು ಮೂರನ್ನೂ ಒರೆಸಿ. ಬೆರಳಿನ ಜಿಡ್ಡು ತಾಗಬಾರದು, ಚಿಮಟ ಹಿಡಿಯಿರಿ. ಪಟ್ಟಿ ನೆಟ್ಟಗೆ ಕೂರಬೇಕು, ಒಂದಿಷ್ಟು ಓರೆಯಾದರೂ ನಾಯಿ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಬರುತ್ತೆ. ಕೆಲವು ಆಟಿಕೆಗಳಲ್ಲಿ ಜೀಬ್ರಾ ಬದಲು ಗಾಜಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಪಟ್ಟಿ ಇರುತ್ತೆ. ಅದಕ್ಕೆ ಬೆಸುಗೆ ಕೋಲು ಮುಟ್ಟಿಸಿದರೆ ಕರಗಿ ಹೋಯಿತು. ನಿಮ್ಮದು ಜೀಬ್ರಾ, ಬಚಾವ್.

ಸ್ಕ್ರೂ ವಾಪಸ್ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ. ಟಿಕ್ ಎಂದು ಹಳೇ ದಾರಿಗೆ ಬೀಳುತ್ತೆ. ಆಮೇಲೆ ಬಲಕ್ಕೆ. ಅಪ್ಪ ನನಗೆ ಮೊದಲ ದಿನ ಕಲಿಸಿದ್ದು ಇದೊಂದೇ.

ಪಾರ್ಲರ್_ಅಕ್ಕ | ಭಾನುವಾರ ರಾತ್ರಿ 9:45

ಹಳದಿ ಬಣ್ಣಕ್ಕೆ ನನ್ನ ಹತ್ತಿರ ಮದ್ದು ಇದೆ. ಕೂದಲಿಗೆ ಬಣ್ಣ ಹಾಕುವಾಗ ಬಳಸುವ ಡೆವಲಪರ್ ಕ್ರೀಮ್, 40 ವಾಲ್ಯೂಮ್‌ದು. ಅಂದರೆ 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಬೋರ್ಡು, ಗಾಜು, ಗುಂಡಿ ಎಲ್ಲ ತೆಗೆದು ಬರೀ ಪ್ಲಾಸ್ಟಿಕ್ ಕವಚಕ್ಕೆ ದಪ್ಪಗೆ ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಟೆರೇಸ್ ಮೇಲಿಡಿ. ಗಂಟೆಗೊಮ್ಮೆ ತಿರುಗಿಸಿ, ಕ್ರೀಮ್ ಒಣಗಲು ಬಿಡಬೇಡಿ. ಒಣಗಿದರೆ ಮೋಡ ಕಟ್ಟಿದ ಹಾಗೆ ಕಲೆ ಉಳಿಯುತ್ತೆ, ಅದು ಹೋಗಲ್ಲ. ಮೇಲೆ ಅಚ್ಚು ಹಾಕಿದ ಬರಹ ಇದ್ದರೆ ಅದೂ ಮಾಸಬಹುದು. ಗ್ಲೌಸ್ ಹಾಕಿ, ಚರ್ಮ ಉರಿಯುತ್ತೆ.

ನಮ್ಮಣ್ಣನ ಹಳೇ ವಿಡಿಯೋ ಗೇಮ್‌ಗೆ ಹೀಗೆ ಮಾಡಿದ್ದೆ. ಒಂದು ಪಕ್ಕ ಹಾಲಿನ ಹಾಗೆ ಬಿಳಿ ಆಯಿತು. ಇನ್ನೊಂದು ಪಕ್ಕ ತಿರುಗಿಸಲು ಮರೆತೆ, ಅಷ್ಟರಲ್ಲಿ ಮದುವೆಯ ಮೇಕಪ್ ಆರ್ಡರ್ ಬಂದಿತ್ತು.

ಅರ್ಧಸುಟ್ಟ_ಬೋರ್ಡ್ | ಸೋಮವಾರ ಬೆಳಿಗ್ಗೆ 12:40

ನಿದ್ದೆ ಬರುತ್ತಿಲ್ಲ, ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಕಲರ್ ಪರದೆಯ ಹೊಸ ಮಾದರಿಗಳ ಕಥೆಯೇ ಬೇರೆ. ಅವುಗಳಲ್ಲಿ ಚಿತ್ರ, ಮಾತು ಎಲ್ಲ ಎಂಟು ಕಾಲಿನ ಒಂದು ಫ್ಲಾಶ್ ಚಿಪ್ಪಿನಲ್ಲಿ ಇರುವುದುಂಟು. ಅದನ್ನು ಓದಿ, ತಿದ್ದಿ, ವಾಪಸ್ ಬರೆಯಬಹುದು. ಜಪಾನಿ ಭಾಷೆ ಮಾತ್ರ ಇದ್ದ ಮಾದರಿಗೆ ಅಭಿಮಾನಿಗಳು ಇಂಗ್ಲಿಷ್ ಹಾಕಿದ್ದಾರೆ. ನಾನು ಅಂದುಕೊಂಡೆ, ಹಾಗಾದರೆ ಕನ್ನಡ ಯಾಕಾಗಬಾರದು? ಮರಿ 'ಹಸಿವು' ಎನ್ನಬೇಕು, 'ಉಪ್ಪಿಟ್ಟು ಬೇಡ' ಎನ್ನಬೇಕು. ಅದು ನನ್ನ ಕನಸು.

ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್, ಅಂದರೆ ಚಿಪ್ಪನ್ನು ಓದಿ ಬರೆಯುವ ಸಾಧನ, ತರಿಸಿದೆ. ಕಪ್ಪು ಬೋರ್ಡಿನದು. ಅದರಲ್ಲಿ ಒಂದು ಕುಖ್ಯಾತ ದೋಷ ಇದೆ. ಚಿಪ್ಪಿಗೆ ಕೊಡುವ ಕರೆಂಟ್ 3.3 ವೋಲ್ಟ್, ಆದರೆ ಸಿಗ್ನಲ್ ಕಾಲುಗಳಲ್ಲಿ 5 ವೋಲ್ಟ್ ಬರುತ್ತೆ. ನನಗೆ ಅದು ಗೊತ್ತಾದದ್ದು ಆಮೇಲೆ. ಕ್ಲಿಪ್ ಹಾಕಿ ಓದಿದೆ. ಒಂದೇ ಸಲ ಓದಿದೆ. ಎರಡು ಸಲ ಓದಿ ಎರಡೂ ಒಂದೇ ಥರ ಇವೆಯಾ ಎಂದು ಹೋಲಿಸಿ ನೋಡಬೇಕಿತ್ತು, ನೋಡಲಿಲ್ಲ. ತಿದ್ದಿ ಬರೆದೆ. ಆನ್ ಮಾಡಿದರೆ ಬಿಳಿ ಪರದೆ. ಉಳಿಸಿಟ್ಟ ಮೂಲವನ್ನು ವಾಪಸ್ ಬರೆಯೋಣ ಎಂದರೆ ಅದರಲ್ಲಿ ಅರ್ಧ ಬರೀ ಕಸ. ಕ್ಲಿಪ್ ಸರಿಯಾಗಿ ಕಚ್ಚಿರಲಿಲ್ಲ.

ಅದು ತಂಗಿ ಮಗಳ ಹುಟ್ಟುಹಬ್ಬದ ಉಡುಗೊರೆ. ಅವಳು ನನಗೆ ತೋರಿಸಲು ತಂದಿದ್ದಳು. ಹೊಸದು ಕೊಡಿಸಿದೆ. ಆದರೆ ಅವಳು ಸಾಕಿದ್ದು ಅದರೊಳಗೆ ಇರಲಿಲ್ಲ. ಈಗಲೂ ನಾನು ಅವರ ಮನೆಗೆ ಹೋದರೆ ಅವಳು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ.

ಮಂಡ್ಯ_ಬೆಲ್ಲ | ಸೋಮವಾರ ಬೆಳಿಗ್ಗೆ 8:20

'ಉಪ್ಪಿಟ್ಟು ಬೇಡ' 😂 ಅಣ್ಣ, ಇನ್ನೊಂದು ಸಲ ಪ್ರಯತ್ನ ಮಾಡಿ. ಈ ಸಲ ಸ್ವಂತದ್ದರಲ್ಲಿ.

ಚಾರ್ಜ್ ಮಾಡುವ ಮಾದರಿಗಳ ಬಗ್ಗೆ ಒಂದು ಸಾಲು ಸೇರಿಸುತ್ತೇನೆ. 2023ರ ತಮಗೋಚಿ ಯುನಿ ಥರದವಕ್ಕೆ ವೈಫೈ ಇದೆ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಅದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ. ಹಾಗೇ ಸಿಆರ್2032 ಹಾಕುವ ಜಾಗಕ್ಕೆ ಚಾರ್ಜ್ ಆಗುವ ಎಲ್‌ಐಆರ್2032 ತುರುಕಬೇಡಿ. ಗಾತ್ರ ಒಂದೇ ಆದರೂ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತೆ.

ಮೊಟ್ಟೆಮನೆ | ಸೋಮವಾರ ಮಧ್ಯಾಹ್ನ 3:00

ಬಿಚ್ಚಿ ಹಾಳು ಮಾಡಿದವರ ಸಾಲಿನಲ್ಲಿ ದೊಡ್ಡವರೂ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ನಟಾಲಿ ಸಿಲ್ವನೊವಿಚ್ ಎಂಬ ಭದ್ರತಾ ಸಂಶೋಧಕಿ 2012ರ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಹ್ಯಾಕರ್ ಸಮ್ಮೇಳನದಲ್ಲಿ ತಮಗೋಚಿ ಬಗ್ಗೆ ಮಾತಾಡಿದರು. ಇದನ್ನು ತಯಾರಿಸುವಾಗ ಬಹಳಷ್ಟು ತಮಗೋಚಿಗಳಿಗೆ ನೋವಾಗಿದೆ ಎಂದು ಭಾಷಣದ ಹೆಸರಲ್ಲೇ ಒಪ್ಪಿಕೊಂಡಿದ್ದರು! ತಮಗೋಚಿಯ ಒಂದು ಮಾದರಿಗೆ ತಲೆ ಮೇಲೆ ಸಿಕ್ಕಿಸುವ ಪುಟ್ಟ ಗೊಂಬೆ ಬರುತ್ತಿತ್ತು, ಅದರೊಳಗೂ ಒಂದು ಚಿಪ್ಪು. ಆ ಗೊಂಬೆಯ ಬಾಗಿಲಿನಿಂದಲೇ ಒಳಗೆ ತಮ್ಮ ಕೋಡ್ ನುಗ್ಗಿಸಿ, ಒಳಗಿನ ಪ್ರೋಗ್ರಾಮನ್ನು ಹೊರಗೆ ಹರಿಸಿಕೊಂಡರು. ಮೊಟ್ಟೆ ಒಡೆಯದೆ ಹಳದಿ ಭಾಗ ಕದ್ದ ಹಾಗೆ.

ಮೊದಲ ತಲೆಮಾರಿನದಕ್ಕೆ ಈಗ ಟಮಾಲಿಬ್ ಎಂಬ ಎಮ್ಯುಲೇಟರ್ ಇದೆ, ಅಂದರೆ ಆ ಎಪ್ಸನ್ ಚಿಪ್ಪಿನ ನಟನೆ ಮಾಡುವ ಪ್ರೋಗ್ರಾಮು. ಅದನ್ನು ಆಧರಿಸಿದ ಆರ್ಡುಯಿನೊಗೋಚಿ, ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಪುಟ್ಟ ಓಎಲ್‌ಇಡಿ ಪರದೆಯಲ್ಲಿ ಓಡುತ್ತೆ. ಕೈಯಾಡಿಸಿ ನೋಡುವ ಆಸೆಗೆ ಇದು ಸರಿ. ಮರಿಯ ಹಸಿವನ್ನು ಅರ್ಧಕ್ಕೆ ಇಳಿಸಿ, ಕಾಲ ಓಡಿಸಿ, ಏನು ಬೇಕಾದರೂ ಮಾಡಿ. ಕೆಟ್ಟರೆ ಮತ್ತೆ ಲೋಡ್ ಮಾಡಿದರಾಯಿತು.

ಸುಮ್ನೆ_ಇರಿ | ಸೋಮವಾರ ಸಂಜೆ 5:10

ಆ ಪ್ರೋಗ್ರಾಮು ಕಂಪನಿಯ ಸ್ವತ್ತು. ಅದನ್ನು ಡೌನ್‌ಲೋಡ್ ಮಾಡಿ ಹಂಚುವುದು ತಪ್ಪಲ್ವಾ?

ಮೊಟ್ಟೆಮನೆ | ಸೋಮವಾರ ಸಂಜೆ 5:40

ಹಂಚುವುದು ತಪ್ಪೇ. ಅದಕ್ಕೇ ಆ ಎಮ್ಯುಲೇಟರ್ ಜೊತೆ ಪ್ರೋಗ್ರಾಮ್ ಬರುವುದಿಲ್ಲ, ಅದನ್ನು ನೀವೇ ತರಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ನ್ಯಾಯವಾಗಿ ಕೊಂಡವರು ಹಾಳಾದೀತು ಎಂದು ಬ್ಯಾಕಪ್ ಇಟ್ಟುಕೊಳ್ಳಲು ಅವಕಾಶ ಇದೆ. ಊರಿಗೆಲ್ಲ ಹಂಚಲು ಇಲ್ಲ. ಇದನ್ನು ಇಲ್ಲಿಗೇ ಬಿಡೋಣ, ಲಿಂಕ್ ಕೇಳಬೇಡಿ.

ಕುವೆಂಪುನಗರ_ಅಪ್ಪ | ಬುಧವಾರ ರಾತ್ರಿ 9:15

ಮೊದಲು ನಕಲಿಯ ಸುದ್ದಿ. ಜೀಬ್ರಾ ಪಟ್ಟಿ ಒರೆಸಿ ಕೂರಿಸಿದೆ. ಮೂರನೇ ಸಲಕ್ಕೆ ನಾಯಿ ಪೂರ್ತಿ ಬಂತು. ಬಜರ್ ವೈರ್ ಬೆಸೆಯಲು ಹೋಗಿ ಇನ್ನೊಂದು ವೈರೂ ತುಂಡಾಯಿತು. ಈಗ ಅದು ಮೂಕ ನಾಯಿ. ನನ್ನ ಹೆಂಡತಿ ಹಾಗೇ ಇರಲಿ ಎಂದಿದ್ದಾಳೆ.

ಇನ್ನು ಅಸಲಿ. ಮುಚ್ಚಳ ಮಾತ್ರ ತೆಗೆದೆ. ನಿಂಬೆರಸ, ಆಲ್ಕೋಹಾಲ್, ಒಂದು ರಾತ್ರಿ. ಎಸ್‌ಆರ್44 ಎರಡು. ಮಗಳೇ ಗಂಟೆ ಹೊಂದಿಸಿದಳು. ಪರದೆಯಲ್ಲಿ ಮೊಟ್ಟೆ ಮಿಡಿಯಿತು. ಐದು ನಿಮಿಷ ಎಂದು ನೀವೆಲ್ಲೋ ಬರೆದಿದ್ದಿರಾ? ಇಲ್ಲ, ನನಗೇ ನೆನಪಿತ್ತು. ಸರಿಯಾಗಿ ಐದು ನಿಮಿಷಕ್ಕೆ ಒಡೆಯಿತು. ಕಪ್ಪು ಉಂಡೆ ಒಂದು ಕುಣಿಯುತ್ತಾ ಬಂತು. ನಾನು 27 ವರ್ಷದ ಮೇಲೆ ಆ ಸದ್ದು ಕೇಳಿದೆ. ನನ್ನ ಅಮ್ಮ ಅಡುಗೆಮನೆಯಿಂದ 'ಆ ದರಿದ್ರ ಮತ್ತೆ ಬಂತಾ' ಎಂದರು.

ಒಂದೇ ತೊಂದರೆ. ಪರದೆಯಲ್ಲಿ ಎರಡು ನಿಂತ ಗೆರೆ ಇಲ್ಲ. ಬಲಗಡೆ ಒಂದು, ನಡುವೆ ಒಂದು. ಮರಿ ನಡುವೆ ಬಂದಾಗ ಮೂಗಿನ ಜಾಗದಲ್ಲಿ ಸೀಳು ಬಿದ್ದ ಹಾಗೆ ಕಾಣುತ್ತೆ. ಈಗ ಬಿಚ್ಚಲಾ?

ಚಿಕ್ಕಗಡಿಯಾರ | ಬುಧವಾರ ರಾತ್ರಿ 9:30

ನಿಂತ ಗೆರೆ ಎಂದರೆ ಚಿಪ್ಪು ಸರಿ ಇದೆ, ಗಾಜೂ ಬಹುಶಃ ಸರಿ ಇದೆ. ಆ ಎರಡು ಸಾಲಿಗೆ ಸಂಪರ್ಕ ಇಲ್ಲ ಅಷ್ಟೇ. ಬಿಚ್ಚಿ ಒರೆಸಿದರೆ ಹತ್ತರಲ್ಲಿ ಏಳೆಂಟು ಬಾರಿ ಬರುತ್ತೆ, ಇದು ನನ್ನ ಅಂಗಡಿ ಲೆಕ್ಕ. ಬಾರದೆ ಇದ್ದಾಗ ಎರಡು ಗೆರೆ ಹೋಗಿ ಆರಾಗಿದ್ದೂ ಇದೆ. ಹಳೇ ಪ್ಲಾಸ್ಟಿಕ್ಕಿನ ಸ್ಕ್ರೂ ಕಂಬ ಬಿರುಕು ಬಿಟ್ಟರೆ ಒತ್ತಡ ನಿಲ್ಲಲ್ಲ.

ಬಿಚ್ಚುವುದಾದರೆ ಅಂಗಡಿಗೆ ತನ್ನಿ. ದುಡ್ಡು ಬೇಡ, ಒಳಗೆ ನೋಡುವ ಆಸೆ ನನಗೂ ಇದೆ.

ಮಂಡ್ಯ_ಬೆಲ್ಲ | ಬುಧವಾರ ರಾತ್ರಿ 9:48

ಮರಿ ಸಾಯದ ಹಾಗೆ ಬಿಚ್ಚಬಹುದಣ್ಣ. ಸೆಲ್ಲಿನ ತಗಡಿಗೆ ತೆಳು ವೈರ್ ಎರಡು ಬೆಸೆದು, ಸೆಲ್ ಕೊಡುವಷ್ಟೇ ವೋಲ್ಟ್ ಹೊರಗಿನಿಂದ ಕೊಡುತ್ತಾ ಕೆಲಸ ಮಾಡಿ. ಐಸಿಯುನಲ್ಲಿ ಇಟ್ಟ ಹಾಗೆ.

ಚಿಕ್ಕಗಡಿಯಾರ | ಬುಧವಾರ ರಾತ್ರಿ 9:55

ತಮ್ಮಾ, ಕರೆಂಟ್ ಇರುವಾಗ ಗಾಜು ಅಲ್ಲಾಡಿಸಬಾರದು. ಎಲ್‌ಸಿಡಿಗೆ ಬೇಕಾದ್ದು ಹಿಂದೆ ಮುಂದೆ ಬದಲಾಗುವ ಕರೆಂಟ್. ಪಟ್ಟಿ ಓರೆಯಾಗಿ ಒಂದೇ ದಿಕ್ಕಿನ ಕರೆಂಟ್ ನಿಂತರೆ ಗಾಜು ಕೆಡುತ್ತೆ. ಚಿಮಟ ಜಾರಿ ಎರಡು ಸಾಲಿಗೆ ತಾಗಿದರೆ ಮರಿ ಹೇಗೂ ಹೋಯಿತು. ಮರಿ ಉಳಿಸಲು ಹೋಗಿ ಮನೆ ಕೆಡವಿದ ಹಾಗಾಗುತ್ತೆ.

ಮೊಟ್ಟೆಮನೆ | ಬುಧವಾರ ರಾತ್ರಿ 10:20

ನನಗೆ ಕೇಳಿದರೆ ಕಾಯಿರಿ. ಒಂದು ದಿನಕ್ಕೆ ಒಂದು ವರ್ಷ ವಯಸ್ಸು. ಚೆನ್ನಾಗಿ ನೋಡಿಕೊಂಡರೆ ಮಾಮೆಚಿ ಎಂಬ ಒಳ್ಳೇ ಪ್ರಾಣಿ ಆಗುತ್ತೆ, ಉದಾಸೀನ ಮಾಡಿದರೆ ಬೇರೆ ಏನೇನೋ ಆಗುತ್ತೆ. ಹೇಗೂ ಒಂದು ದಿನ ಸಾಯುತ್ತೆ. ಜಪಾನಿ ಮಾದರಿಯಲ್ಲಿ ಸಮಾಧಿ ಕಲ್ಲು, ಪಕ್ಕದಲ್ಲಿ ಭೂತ ಬರುತ್ತೆ. ಇಂಗ್ಲಿಷ್ ಮಾದರಿಯಲ್ಲಿ ರೆಕ್ಕೆ ಬರುತ್ತೆ. ಅದಾದ ಮೇಲೆ ಬಿಚ್ಚಿದರೆ ಯಾರಿಗೂ ಬೇಜಾರಿಲ್ಲ.

ಸ್ಕೂಲಿಗೆ ಕಳಿಸಬೇಡಿ. 1997ರಲ್ಲೇ ಎಷ್ಟೋ ದೇಶದ ಶಾಲೆಗಳು ಬೇಡ ಎಂದಿದ್ದವು. ಆ ಹೊತ್ತಿಗೆ ಗಂಟೆ ಹೊಂದಿಸುವ ಪರದೆಗೆ ಹೋಗಿ ಹಾಗೇ ಬಿಟ್ಟರೆ ಕಾಲ ನಿಲ್ಲುತ್ತೆ. ನಾವು ಪರೀಕ್ಷೆ ಸಮಯದಲ್ಲಿ ಹೀಗೇ ಮಾಡುತ್ತಿದ್ದೆವು.

ಕುವೆಂಪುನಗರ_ಅಪ್ಪ | ಗುರುವಾರ ಬೆಳಿಗ್ಗೆ 7:05

ಮಗಳಿಗೆ ಎಲ್ಲ ಓದಿ ಹೇಳಿದೆ. ಬಿಚ್ಚಿದರೆ ಗೆರೆ ಬರಬಹುದು, ಆದರೆ ಈ ಮರಿ ಇರಲ್ಲ, ಹೊಸ ಮೊಟ್ಟೆ ಬರುತ್ತೆ ಎಂದೆ. 'ಮೂಗು ಸರಿ ಮಾಡಲು ಯಾರಾದ್ರೂ ಸಾಯಿಸ್ತಾರಾ' ಎಂದು ಕೇಳಿದಳು. ಕಾಲ ನಿಲ್ಲಿಸುವ ಉಪಾಯ ಹೇಳಿದೆ. ಅದೂ ಬೇಡವಂತೆ. ಅದು ಸ್ಕೂಲಿನ ಹೊತ್ತಿನಲ್ಲೂ ಬೆಳೆಯಬೇಕಂತೆ. ಹಾಗಾಗಿ ಇವತ್ತಿನಿಂದ ಅದು ನನ್ನ ಜೊತೆ ಆಫೀಸಿಗೆ ಬರುತ್ತೆ.

ಅರ್ಧಸುಟ್ಟ_ಬೋರ್ಡ್ | ಗುರುವಾರ ಬೆಳಿಗ್ಗೆ 7:40

ನಿಮ್ಮ ಮಗಳ ಪರವಾಗಿ ನನ್ನದೊಂದು ಓಟು.

ಸುಮ್ನೆ_ಇರಿ | ಗುರುವಾರ ಬೆಳಿಗ್ಗೆ 8:00

ನಾನು ಮೊದಲ ದಿನವೇ ಹೇಳಿದ್ದೆ.

ಕುವೆಂಪುನಗರ_ಅಪ್ಪ | ಎರಡು ವಾರದ ನಂತರ, ಬುಧವಾರ ರಾತ್ರಿ 10:30

ಕೆಲವರು ಮೆಸೇಜ್ ಮಾಡಿ ಕೇಳಿದ್ದರಿಂದ ಬರೆಯುತ್ತಿದ್ದೇನೆ. ವಯಸ್ಸು 13. ಮಾಮೆಚಿ ಆಗಿದೆ. ಮೀಟಿಂಗ್ ನಡುವೆ ಎರಡು ಸಲ ಕೂಗಿ ನನ್ನ ಮರ್ಯಾದೆ ತೆಗೆದಿದೆ. ಈಗ ನಮ್ಮ ಮ್ಯಾನೇಜರ್ರೇ 'ಊಟ ಹಾಕಿದ್ರಾ' ಎಂದು ಕೇಳುತ್ತಾರೆ.

ಚಿಕ್ಕಗಡಿಯಾರ ಅವರೇ, ನಿಮ್ಮ ಅಂಗಡಿಗೆ ಬರುವ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಕ್ಷಮಿಸಿ. ಇವಳು ಅದನ್ನು ಸಾಯಲು ಬಿಡುತ್ತಿಲ್ಲ. ಸ್ಕ್ರೂಡ್ರೈವರ್ ಮೇಜಿನ ಮೇಲೇ ಇದೆ. ನಿನ್ನೆ ನೋಡಿದರೆ ಅದರ ಮೇಲೆ ಅವಳು ಒಂದು ಕರ್ಚೀಫ್ ಹಾಕಿ ಮುಚ್ಚಿದ್ದಳು.